ಮಗಳ ಆಲ್ಬಮ್ಮಿನಲ್ಲಿ ನಾನೇ ಖಳನಾಯಕ

ನಿಮ್ಮ ಮೇಲೆ ಯಾರಾದರೂ ಹಾಡು ಕಟ್ಟಿದ್ದಾರೆಯೇ?

ನನ್ನ ಮೇಲೆ ಕಟ್ಟಿದ್ದಾರೆ. ಒಂದಲ್ಲ, ಏಳು. ಕಟ್ಟಿದವಳು ನನ್ನ ಸ್ವಂತ ಮಗಳು. ಏಳರಲ್ಲೂ ನಾನೇ ಖಳನಾಯಕ. ಈ ಸಂಗತಿ ನನಗೆ ತಿಳಿದದ್ದು ಕೆಲವು ತಿಂಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ, ಅವೆನ್ಯೂ ರಸ್ತೆಯ ನಮ್ಮ ಸ್ಟೇಷನರಿ ಅಂಗಡಿಯಲ್ಲಿ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದಾಗ.

ನನ್ನ ಮಗಳು ಸಿಂಧುವಿಗೆ ಈಗ ಇಪ್ಪತ್ತಾರು. ಮಕ್ಕಳ ಕಾರ್ಟೂನ್ ವಿಡಿಯೋಗಳಿಗೆ ಸದ್ದು ಕೂರಿಸುವುದು ಅವಳ ಕೆಲಸ. ಮೊಲ ಕುಪ್ಪಳಿಸಿದರೆ ಒಂದು ಸದ್ದು, ಆನೆ ಜಾರಿಬಿದ್ದರೆ ಇನ್ನೊಂದು. ಅದು ವಾರದ ಐದು ದಿನ. ಶನಿವಾರ, ಭಾನುವಾರ ಅವಳು ಹೆವಿ ಮೆಟಲ್ ಹಾಡುತ್ತಾಳೆ. ಹಾಡುತ್ತಾಳೆ ಎನ್ನುವುದು ನನ್ನ ದಾಕ್ಷಿಣ್ಯದ ಮಾತು. ಗ್ರೌಲ್ ಮಾಡುತ್ತಾಳೆ. ಅಂದರೆ ಹೊಟ್ಟೆಯಾಳದಿಂದ ಗುಟುರು ಹಾಕುತ್ತಾಳೆ. ಬಸವನಗುಡಿಯ ನಮ್ಮ ಮನೆಯ ಬಾತ್‌ರೂಮಿನಿಂದ ಮೊದಲ ಸಲ ಆ ಸದ್ದು ಬಂದಾಗ, ಗೀಸರ್ ಸಿಡಿಯುತ್ತಿದೆ ಎಂದುಕೊಂಡು ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸಿದ್ದೆ.

ಎರಡು ವರ್ಷದಿಂದ ಅವಳೂ ಅವಳ ಬ್ಯಾಂಡಿನವರೂ ಒಂದು ಆಲ್ಬಮ್ ಮಾಡುತ್ತಿದ್ದರು. ಬಿಡಿ ಹಾಡುಗಳಲ್ಲ, ರಾಕ್ ಆಪೆರಾ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಡ್ರಮ್ಮರ್ ಮಂಜು ನನಗೆ ಅರ್ಥವಾಗುವ ಹಾಗೆ ಹೇಳಿದ್ದ.

"ಕಂಪನಿ ನಾಟಕ ಇದ್ಯಲ್ಲ ಅಂಕಲ್, ಅದೇ. ಪಾತ್ರಗಳಿರ್ತವೆ. ಶುರುವಿಂದ ಕೊನೇವರೆಗೂ ಒಂದೇ ಕಥೆ. ಸ್ಟೇಜ್ ಬದಲು ಸ್ಟುಡಿಯೋ, ಹಾರ್ಮೋನಿಯಂ ಬದಲು ಗಿಟಾರ್. ಅಷ್ಟೇ."

(ಮಂಜು ಶ್ರೀರಾಂಪುರದವನು. ಬೆಳಿಗ್ಗೆ ಅಪ್ಪನ ಜೊತೆ ತರಕಾರಿ ಅಂಗಡಿ, ಸಂಜೆ ಡ್ರಮ್ಸ್. ಎಲೆಕೋಸನ್ನು ತಟ್ಟಿ ನೋಡುವಾಗಲೂ ತಾಳ ಹಾಕುತ್ತಾನೆ ಎನ್ನುವುದು ಅವನ ಅಪ್ಪನ ದೂರು.)

ಆ ಸೋಮವಾರದ ಹಿಂದಿನ ದಿನ ಸಿಂಧು ಒಂದು ಪ್ಲಾಸ್ಟಿಕ್ ಫೋಲ್ಡರನ್ನು ತಂದು ನನ್ನ ತಿಂಡಿ ತಟ್ಟೆಯ ಪಕ್ಕ ಇಟ್ಟಳು.

"ಅಪ್ಪ, ಹಾಡುಗಳ ಬುಕ್‌ಲೆಟ್ ಪ್ರಿಂಟಿಗೆ ಹೋಗ್ಬೇಕು. ಕಾಗುಣಿತ ನೋಡ್ಕೊಡ್ತೀಯಾ?"

ಇಲ್ಲಿ ಒಂದು ವಿಷಯ ಹೇಳಬೇಕು. ಸಿಂಧು ಉಗ್ಗುತ್ತಾಳೆ. ಮೂರು ವರ್ಷದವಳಿದ್ದಾಗಿನಿಂದ ಇದೆ, ಈಗಲೂ ಇದೆ. ಅವಳ ಮಾತನ್ನು ನಾನಿಲ್ಲಿ ನೇರವಾಗಿ ಬರೆಯುತ್ತಿದ್ದೇನೆ. ನಡುವೆ ಎಲ್ಲಿ ನಿಂತಳು, ಎಷ್ಟು ಹೊತ್ತು ನಿಂತಳು ಎಂಬುದು ನಿಮಗೆ ಬೇಡ. ಹಾಡುವಾಗ ಮಾತ್ರ ಉಗ್ಗು ಬರುವುದಿಲ್ಲ. ಗ್ರೌಲ್ ಮಾಡುವಾಗಲಂತೂ ಇಲ್ಲವೇ ಇಲ್ಲ. ಯಾಕೆ ಎಂದು ಸ್ಪೀಚ್ ಥೆರಪಿಸ್ಟ್ ಒಬ್ಬರು ವಿವರಿಸಿದ್ದರು. ನನಗೆ ಪೂರ್ತಿ ಅರ್ಥವಾಗಲಿಲ್ಲ.

ಕಾಗುಣಿತ ನೋಡಿಕೊಡು ಎಂದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಮಗಳು ನನ್ನನ್ನು ಏನಾದರೂ ಕೇಳಿ ವರ್ಷಗಳಾಗಿದ್ದವು. ಏನು ಬೇಕಿದ್ದರೂ ಅಮ್ಮನನ್ನು ಕೇಳುತ್ತಾಳೆ. ನನ್ನೊಂದಿಗೆ ಅವಳ ಮಾತು ಹೂಂ, ಉಹೂಂ, ಬರ್ತೀನಿ, ಊಟ ಆಯ್ತು. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಅಪ್ಪಂದಿರ ಪಾಡು ಇಷ್ಟೇ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. (ಅದರ ಬಗ್ಗೆ ನನ್ನ ಈ ವಾರದಂಕಣದಲ್ಲೇ ಒಂದು ಲೇಖನವನ್ನೂ ಬರೆದಿದ್ದೆ. ನಿಮ್ಮಲ್ಲಿ ಹಲವರು ಹೌದು ಹೌದು ಎಂದು ಪತ್ರ ಬರೆದಿದ್ದಿರಿ.)

ಸೋಮವಾರ ಅಂಗಡಿಯ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಫೋಲ್ಡರ್ ತೆರೆದೆ. ಆಲ್ಬಮ್ಮಿನ ಹೆಸರು 'ಡಂಗುರ'. ಒಳ್ಳೆಯ ಹೆಸರು ಅನ್ನಿಸಿತು.

ಕಥೆ ಹೀಗಿದೆ. ಒಂದು ಊರು. ಅಲ್ಲಿ ಡಂಗುರ ಸಾರುವವನೊಬ್ಬ. ಹೆಸರು ಡಂಗುರದಪ್ಪ. (ಹೆಸರಿನಲ್ಲೇ ಅಪ್ಪ ಇದ್ದಾನೆ. ತಿಮ್ಮಪ್ಪ, ಕೆಂಪಪ್ಪ ಇದ್ದ ಹಾಗೆ ಎಂದುಕೊಂಡು ಮುಂದೆ ಹೋದೆ.) ಊರಿನ ಜನಕ್ಕೆ ಅವನೆಂದರೆ ಬಹಳ ಪ್ರೀತಿ. ಅವನಿಗೊಬ್ಬಳು ಮಗಳು. ಒಂದು ದಿನ ಅವಳು ಅಪ್ಪನಿಗೆ ಒಂದು ಗುಟ್ಟು ಹೇಳುತ್ತಾಳೆ. ಮಾರನೆಯ ದಿನ ಅಪ್ಪ ಅದನ್ನೇ ಊರೆಲ್ಲ ಸಾರುತ್ತಾನೆ. ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮಗಳು ಮಾತು ಬಿಡುತ್ತಾಳೆ.

ಮೊದಲ ಹಾಡಿನಲ್ಲಿ ಮೂರು ತಪ್ಪು. ಎರಡನೆಯದರಲ್ಲಿ ಎರಡು. 'ಘಂಟಲು' ಎಂದು ಬರೆದಿದ್ದಳು, 'ಗಂಟಲು' ಮಾಡಿದೆ. ಮೂರನೆಯದರಲ್ಲಿ ತಪ್ಪೇ ಇಲ್ಲ. ನಾಲ್ಕನೆಯ ಹಾಡಿಗೆ ಬಂದೆ. ಅದು ಡಂಗುರದಪ್ಪ ಊರಿನ ನಡುವೆ ನಿಂತು ಸಾರುವ ಮಾತು.

'ಅವಳು ಬೇಕಾದ್ದನ್ನು ಕೊಳ್ಳುವುದಿಲ್ಲ, ಬಾಯಿಗೆ ಬಂದದ್ದನ್ನು ಕೊಳ್ಳುತ್ತಾಳೆ.'

ಪೆನ್ನು ಅಲ್ಲೇ ನಿಂತಿತು. ಈ ಸಾಲು ನನಗೆ ಗೊತ್ತು. ಚೆನ್ನಾಗಿ ಗೊತ್ತು. ಯಾಕೆಂದರೆ ಅದನ್ನು ಬರೆದವನು ನಾನು.

ಹನ್ನೆರಡು ವರ್ಷದ ಹಿಂದೆ ಸಿಂಧು ಒಂಬತ್ತನೇ ಕ್ಲಾಸು. ನಮ್ಮ ಮನೆಯ ಹತ್ತಿರದ ಬೇಕರಿಯಿಂದ ಅವಳು ಪ್ರತಿ ಸಲವೂ ಕೊಬ್ಬರಿ ತುಂಬಿದ ಸಿಹಿ ದಿಲ್‌ಪಸಂದ್ ತರುತ್ತಿದ್ದಳು. ಅರ್ಧ ತಿಂದು ಬಿಡುತ್ತಿದ್ದಳು. ಒಂದು ಸಂಜೆ ಜೊತೆಯಲ್ಲಿ ನಡೆದು ಬರುವಾಗ, ಇಷ್ಟವಿಲ್ಲದಿದ್ದರೆ ಯಾಕೆ ತರುತ್ತೀಯ ಎಂದು ಕೇಳಿದೆ. ಸ್ವಲ್ಪ ದೂರ ನಡೆದಳು. ಆಮೇಲೆ ಹೇಳಿದಳು. ಅವಳಿಗೆ ಇಷ್ಟ ಖಾರಾ ಬನ್. ಆದರೆ 'ಖ' ಎಂಬ ಅಕ್ಷರ ಗಂಟಲಲ್ಲೇ ಕೂತುಬಿಡುತ್ತದೆ. ಹಿಂದೆ ಜನ ನಿಂತಿರುತ್ತಾರೆ. 'ದ' ಸುಲಭ. ಅದಕ್ಕೇ ದಿಲ್‌ಪಸಂದ್.

ನಾನು ಅವಳ ತಲೆ ಸವರಿದೆ. ಮನೆಗೆ ಬಂದೆ. ಆ ವಾರ ಅಂಕಣಕ್ಕೆ ವಿಷಯ ಇರಲಿಲ್ಲ.

'ಬಾಯಿಗೆ ಬಂದ ತಿಂಡಿ' ಎಂಬ ಆ ಬರಹ ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ನನಗೆ ಅಷ್ಟು ಪತ್ರಗಳು ಯಾವ ಬರಹಕ್ಕೂ ಬಂದಿಲ್ಲ. ಕಣ್ಣಲ್ಲಿ ನೀರು ಬಂತು ಎಂದಿರಿ. ಎಂಥ ಅಪ್ಪ ಎಂದಿರಿ. ಅದರಲ್ಲಿ ಬೇಕರಿಯವನ ಮುಂದೆ ಅವಳು ಖಾರಾ ಬನ್ ಕೇಳಲು ಹೋಗಿ ಹೇಗೆ ಉಗ್ಗಿದಳು ಎಂಬುದನ್ನು ನಾನು ಅಕ್ಷರ ಅಕ್ಷರವಾಗಿ, ಚುಕ್ಕಿ ಹಾಕಿ, ಬರೆದಿದ್ದೆ. ಓದುವವರ ತುಟಿಯಲ್ಲಿ ನಗು ಬರಲಿ, ಆಮೇಲೆ ಗಂಟಲು ಕಟ್ಟಲಿ ಎಂದು ಲೆಕ್ಕ ಹಾಕಿಯೇ ಬರೆದಿದ್ದೆ. ಮುಂದೆ ಅದು ನನ್ನ ಪುಸ್ತಕದ ಹೆಸರೂ ಆಯಿತು.

ಅವಳನ್ನು ಕೇಳಿ ಬರೆದೆನೇ? ಇಲ್ಲ. ಕೇಳಬೇಕು ಎಂದೇ ಹೊಳೆದಿರಲಿಲ್ಲ. ನನ್ನ ಮಗಳು, ನನ್ನ ಮನೆ, ನನ್ನ ಅಂಕಣ.

ಉಳಿದ ಹಾಡುಗಳನ್ನು ಓದಿದೆ. ಒಟ್ಟು ಹನ್ನೊಂದು, ಏಳರಲ್ಲಿ ಡಂಗುರದಪ್ಪ ಇದ್ದಾನೆ. ಆರನೆಯದರಲ್ಲಿ ಮಗಳು ಊರು ಬಿಟ್ಟು ಬೆಟ್ಟದ ಗವಿಗೆ ಹೋಗುತ್ತಾಳೆ. ಎಂಟರಲ್ಲಿ ಗರ್ಜಿಸುವುದನ್ನು ಕಲಿಯುತ್ತಾಳೆ. ಹತ್ತರಲ್ಲಿ ಊರಿಗೆ ಮರಳುತ್ತಾಳೆ. ಕೊನೆಯ ಹಾಡಿನಲ್ಲಿ ಡಂಗುರದಪ್ಪ ಚೌಕದಲ್ಲಿ ಡಂಗುರ ಬಾರಿಸುತ್ತಲೇ ಇದ್ದಾನೆ, ಕೇಳಲು ಯಾರೂ ಇಲ್ಲ.

ಗಿರಾಕಿಯೊಬ್ಬರು ಬಂದು ಲಾಂಗ್ ನೋಟ್‌ಬುಕ್ ಕೇಳಿದರು. ನಾನು ಗ್ರಾಫ್ ಶೀಟ್ ಕೊಟ್ಟೆ.

ಆಮೇಲೆ ಕೂತು, ಉಳಿದ ತಪ್ಪುಗಳನ್ನೂ ತಿದ್ದಿದೆ. ಇನ್ನೇನು ಮಾಡಲಿ? ನನ್ನ ಮೇಲಿನ ಆರೋಪಪಟ್ಟಿಯ ಅಲ್ಪಪ್ರಾಣ, ಮಹಾಪ್ರಾಣಗಳನ್ನು ನಾನೇ ಸರಿ ಮಾಡಿದೆ. ಒಟ್ಟು ಹದಿನೇಳು ತಪ್ಪು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಸುಮಿತ್ರಾಳ ಮುಂದೆ ಫೋಲ್ಡರ್ ಇಟ್ಟೆ. ನಾಲ್ಕನೆಯ ಹಾಡು ತೋರಿಸಿದೆ. ಅವಳು ಓದಿ, ಕನ್ನಡಕ ತೆಗೆದು, ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡಳು.

"ಈಗ ಗೊತ್ತಾಯ್ತಾ ನಿಮಗೆ?"

"ನಿಂಗೆ ಮೊದಲೇ ಗೊತ್ತಿತ್ತಾ?"

"ಅವಳು ಪಿಯುಸಿಲಿದ್ದಾಗ ಹೇಳಿದ್ಲು. ಸ್ಕೂಲಲ್ಲಿ ಏನೇನಾಯ್ತು ಅಂತ."

"ಸ್ಕೂಲಲ್ಲಿ ಏನಾಯ್ತು?"

"ಅವಳನ್ನೇ ಕೇಳಿ."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಅಪ್ಪಂಗೆ ಹೇಳ್ಬೇಡ ಅಂದ್ಲು." ಸುಮಿತ್ರಾ ಅನ್ನಕ್ಕೆ ಸಾರು ಬಡಿಸಿದಳು. "ಹೇಳಿದ್ರೆ ಅದನ್ನೂ ಬರೀತಾರೆ ಅಂದ್ಲು."

ಆ ದಿನದ ಸಾರು ಹುಳಿಯಾಗಿತ್ತೋ ಖಾರವಾಗಿತ್ತೋ ನನಗೆ ತಿಳಿಯಲಿಲ್ಲ.

ಅವತ್ತಿನಿಂದ ಶುರುವಾಯಿತು ನನ್ನ ಕಳವಳ. ಇವಳು ಬೇಕೆಂದೇ ನನಗೆ ಓದಲು ಕೊಟ್ಟಳೇ? ಅಥವಾ ಅಪ್ಪನಿಗೆ ಆ ಹಳೆಯ ಸಾಲು ಎಲ್ಲಿ ನೆನಪಿರುತ್ತದೆ ಎಂದುಕೊಂಡು, ಬರೀ ಕಾಗುಣಿತಕ್ಕೆ ಕೊಟ್ಟಳೇ? ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತೇ? ಕೇಳಿದರೆ ಏನಾಗುತ್ತದೆ? ಕೇಳದಿದ್ದರೆ?

ಸಂಜೆ ಫೋಲ್ಡರ್ ವಾಪಸ್ ಕೊಟ್ಟೆ.

"ತುಂಬಾ ತಪ್ಪಿತ್ತಾ?" ಎಂದು ಕೇಳಿದಳು.

"ಹದಿನೇಳು."

"ಅಷ್ಟೇನಾ?" ಎಂದು ಫೋಲ್ಡರ್ ತೆಗೆದುಕೊಂಡು ರೂಮಿಗೆ ಹೋದಳು.

ಅಷ್ಟೇನಾ ಎಂದರೆ ಏನರ್ಥ? ಮೂರು ದಿನ ಇದೇ ತಲೆಯಲ್ಲಿ ಕೊರೆಯಿತು. ಮೆಟ್ರೋದಲ್ಲಿ ಇಳಿಯಬೇಕಾದ ಸ್ಟೇಷನ್ ದಾಟಿ ಮುಂದೆ ಹೋದೆ. ವಾಕಿಂಗಿನಲ್ಲಿ ಯಾರಾದರೂ "ನಿಮ್ಮ ಅಂಕಣ ಚೆನ್ನಾಗಿತ್ತು ಸಾರ್" ಎಂದರೆ ಬೆಚ್ಚಿದೆ. ಆಲ್ಬಮ್ ಹೊರಬಂದರೆ ಏನಾಗಬಹುದು ಎಂದು ಎಣಿಸಿದೆ. ನೆಂಟರು ಕೇಳುತ್ತಾರೆ. ಓದುಗರು ಕೇಳುತ್ತಾರೆ. ಆ ಸಾಲನ್ನು ಯಾರೋ ಒಬ್ಬರು ಗುರುತಿಸಿಯೇ ಗುರುತಿಸುತ್ತಾರೆ. ಆಮೇಲೆ? ಒಂದು ಕ್ಷಣ, ಆ ಸಾಲು ನನ್ನದು, ಅದನ್ನು ಬಳಸಲು ನನ್ನನ್ನು ಕೇಳಬೇಕಿತ್ತಲ್ಲ ಎಂದು ತಕರಾರು ತೆಗೆಯುವ ಯೋಚನೆಯೂ ಬಂತು. ನಗಬೇಡಿ. ಭಯ ಹಿಡಿದ ಮನುಷ್ಯನಿಗೆ ಇಂಥವೆಲ್ಲ ಹೊಳೆಯುತ್ತವೆ.

ಸಾಲು ನನ್ನದು, ಸರಿ. ಸಾಲಿನೊಳಗಿನ ಗುಟ್ಟು ಯಾರದು?

ಗುರುವಾರ ಸಂಜೆ ನಾನು ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದಾಗ ಸಿಂಧು ಬಂದು ಎದುರಿಗೆ ನಿಂತಳು. ಡಂಗುರದಪ್ಪನ ಮಾತುಗಳಿಗೆ ಧ್ವನಿ ಕೊಡಬೇಕಿದ್ದ ನಾಟಕದವರೊಬ್ಬರಿಗೆ ಸೀರಿಯಲ್ಲಿನಲ್ಲಿ ಪಾತ್ರ ಸಿಕ್ಕಿ, ಶೂಟಿಂಗಿಗೆ ಹೋಗಿಬಿಟ್ಟಿದ್ದರಂತೆ.

"ಶನಿವಾರ ಸ್ಟುಡಿಯೋ ಬುಕ್ ಆಗಿದೆ," ಎಂದಳು. "ನೀನೇ ಓದ್ತೀಯಾ ಅಪ್ಪ?"

ಹಾಗಾದರೆ ಗೊತ್ತಿದೆ. ಬೇಕೆಂದೇ ಕೊಟ್ಟಿದ್ದಾಳೆ.

"ನಂಗೆ ನಟನೆ ಬರಲ್ಲ," ಎಂದೆ.

"ನಟನೆ ಬೇಡ."

ಒಪ್ಪಿಕೊಂಡೆ. ಬೇಡ ಎನ್ನಲು ಧೈರ್ಯ ಸಾಲಲಿಲ್ಲ ಎನ್ನುವುದೇ ನಿಜ.

ಸ್ಟುಡಿಯೋ ಇರುವುದು ಚಾಮರಾಜಪೇಟೆಯಲ್ಲಿ, ಮುಚ್ಚಿಹೋದ ಒಂದು ಬೈಂಡಿಂಗ್ ಪ್ರೆಸ್ಸಿನ ಮೇಲಿನ ಮಹಡಿ. ಕಡಿದಾದ ಮೆಟ್ಟಿಲು. ಗೋಡೆಗೆಲ್ಲ ಕಪ್ಪು ಸ್ಪಂಜು. ನಡುವೆ ಗಾಜು, ಈಚೆ ಮೈಕು, ಆಚೆ ಕಂಪ್ಯೂಟರ್ ಮುಂದೆ ಮಂಜು ಮತ್ತು ಸಿಂಧು. ರೆಕಾರ್ಡಿಂಗ್ ನೋಡಿಕೊಳ್ಳುವವನೂ ಮಂಜುವೇ. ಅವನು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕಿಗೂ ನನ್ನ ಬಾಯಿಗೂ ನಡುವೆ ಒಂದು ಗೇಣು ಅಳೆದು ನಿಲ್ಲಿಸಿದ.

"ಆರಾಮಾಗಿ ಓದಿ ಅಂಕಲ್. ತಪ್ಪಾದ್ರೆ ಇನ್ನೊಂದ್ ಟೇಕ್ ತಗೊಳ್ಳೋಣ."

ಬಾಗಿಲು ಮುಚ್ಚಿತು. ಅಂಥ ಮೌನವನ್ನು ನಾನು ಬೆಂಗಳೂರಿನಲ್ಲಿ ಕೇಳಿಯೇ ಇರಲಿಲ್ಲ. ನನ್ನ ಎದೆಬಡಿತ ನನಗೇ ಕೇಳುತ್ತಿತ್ತು. ಮೈಕಿಗೂ ಕೇಳುತ್ತದೆಯೇ ಎಂದು ಭಯವಾಯಿತು.

ಖಳನಾಯಕ ಎಂದ ಮೇಲೆ ಖಳನ ಹಾಗೆ ಓದಬೇಕಲ್ಲ? ಧ್ವನಿ ದಪ್ಪ ಮಾಡಿದೆ. ಪೌರಾಣಿಕ ನಾಟಕದ ರಕ್ಕಸನ ಹಾಗೆ ಒಂದೊಂದೇ ಅಕ್ಷರವನ್ನು ಎಳೆದೆ. "ಕೇಳ್ರಪ್ಪೋ ಕೇಳಿ. ನನ್ನ ಮಗಳಿಗೆ ಬೇಕಾದ್ದು ಒಂದು, ಬಾಯಿಗೆ ಬರುವುದು ಇನ್ನೊಂದು…"

ಗಾಜಿನಾಚೆ ಮಂಜು ತಲೆ ತಗ್ಗಿಸಿ ನಗು ಅದುಮಿಕೊಳ್ಳುತ್ತಿದ್ದ. ಸಿಂಧು ನಗಲಿಲ್ಲ. ಹೆಡ್‌ಫೋನಿನಲ್ಲಿ ಅವಳ ಧ್ವನಿ ಬಂತು.

"ಅಪ್ಪ, ರಾಕ್ಷಸ ಬೇಡ."

ಎರಡನೆಯ ಸಲ ಓದಿದೆ. ಈ ಸಲ ನ್ಯೂಸ್ ಓದುವವರ ಹಾಗೆ, ಭಾವನೆಯೇ ಇಲ್ಲದೆ. ಹಾಗೆ ಓದಿದರೆ ನನಗೂ ಆ ಮಾತಿಗೂ ಸಂಬಂಧವಿಲ್ಲ ಎಂದಾಗುತ್ತದೆ ಎಂಬ ಆಸೆ.

"ಅದೂ ಬೇಡ," ಎಂದಳು. ಆಮೇಲೆ, "ಪ್ರೀತಿಯಿಂದ ಓದು. ಅವತ್ತು ಹೇಗೆ ಬರೆದ್ಯೋ ಹಾಗೇ."

ನಾನು ಹಾಳೆ ನೋಡಿದೆ. ಅಕ್ಷರಗಳು ಕಾಣುತ್ತಿದ್ದವು, ಓದಲಾಗಲಿಲ್ಲ.

"ಪ್ರೀತಿಯಿಂದ ಓದಿದ್ರೆ ಅವನು ಖಳನಾಯಕ ಹೇಗಾಗ್ತಾನೆ?" ಎಂದೆ.

"ಕೇಳೋರಿಗೆ ಗೊತ್ತಾಗುತ್ತೆ."

ಮಂಜು ಎದ್ದ. ಟೀ ತರ್ತೀನಿ ಎಂದು ಸನ್ನೆ ಮಾಡಿ ಕೆಳಗೆ ಹೋದ. ಅವನು ಬುದ್ಧಿವಂತ. ಸಿಂಧು ಬಾಗಿಲು ತೆರೆದು ಒಳಗೆ ಬಂದಳು. ಒಂದೇ ಕುರ್ಚಿ ಇತ್ತು. ನಾನು ಕೂತೆ, ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು.

"ಸ್ಕೂಲಲ್ಲಿ ಏನಾಯ್ತು?" ಎಂದು ಕೇಳಿದೆ. ಹನ್ನೆರಡು ವರ್ಷ ತಡವಾಗಿ.

ಹೇಳಿದಳು. ಅವರ ಕನ್ನಡ ಟೀಚರ್ ನನ್ನ ಅಂಕಣದ ಅಭಿಮಾನಿ. ಆ ವಾರ ಪೇಪರನ್ನು ಕ್ಲಾಸಿಗೆ ತಂದು, ಪೂರ್ತಿ ಓದಿದರಂತೆ. ಚುಕ್ಕಿ ಹಾಕಿದಲ್ಲೆಲ್ಲ ಉಗ್ಗಿಯೇ ಓದಿದರಂತೆ. ಕೆಟ್ಟ ಉದ್ದೇಶವೇನಿಲ್ಲ. ಚೆನ್ನಾಗಿ ಓದಬೇಕೆಂಬ ಆಸೆ. ಓದಿ ಮುಗಿಸಿ, ಕಣ್ಣೊರೆಸಿಕೊಂಡು, "ಎದ್ದು ನಿಲ್ಲು ಸಿಂಧು, ಎಲ್ಲರೂ ಚಪ್ಪಾಳೆ ತಟ್ಟಿ" ಎಂದರಂತೆ. ಎಲ್ಲರೂ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಸರು ದಿಲ್‌ಪಸಂದ್ ಆಗಿತ್ತು. ಹತ್ತನೇ ಕ್ಲಾಸು ಮುಗಿಯುವ ತನಕ ಅದೇ ಹೆಸರು. ಹಾಜರಿ ಕರೆಯುವಾಗ ಅವಳು ಬಾಯಿ ತೆರೆಯುವುದನ್ನೇ ಬಿಟ್ಟು, ಕೈ ಎತ್ತುತ್ತಿದ್ದಳು. ಟೀಚರ್‌ಗಳು ಪಾಪ ಎಂದು ಸುಮ್ಮನಾದರು.

ಇಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನನಗೊಂದು ಕೆಟ್ಟ ಅಭ್ಯಾಸವಿದೆ. ಅವಳು ಪದಕ್ಕಾಗಿ ನಿಂತಾಗ ಆ ಪದವನ್ನು ನಾನೇ ಹೇಳಿ ಮುಗಿಸಿಬಿಡುತ್ತೇನೆ. ಸಹಾಯ ಎಂದುಕೊಂಡು. ಅವತ್ತು ಕುರ್ಚಿಯ ಕೈ ಹಿಡಿದು ಕೂತೆ.

"ಬೈಯೋರನ್ನ ಎದುರಿಸ್ಬಹುದಿತ್ತು," ಎಂದಳು. "ಚಪ್ಪಾಳೆ ತಟ್ಟೋರನ್ನ ಏನ್ ಮಾಡ್ಲಿ? ನಾನು ಹೇಳಿದ್ದು ನಿನಗೊಬ್ಬನಿಗೆ ಅಪ್ಪ. ಆಮೇಲೆ ನಿನ್ನ ಕಂಡ್ರೆ ನಂಗೆ…"

ನಿಂತಳು. ಮುಂದಿನ ಪದ ಏನೆಂದು ನನಗೆ ಗೊತ್ತಿತ್ತು. ಕೋಪ. ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡು ಕಾದೆ.

"ಭಯ," ಎಂದಳು. "ಏನ್ ಹೇಳಿದ್ರೂ ಬರೀತಾನೆ ಅನ್ನೋ ಭಯ. ಅದಕ್ಕೇ ಹೇಳೋದು ನಿಲ್ಲಿಸ್ದೆ."

ಮಗಳು ದೊಡ್ಡವಳಾದಳು, ಅದಕ್ಕೇ ಮಾತು ಕಮ್ಮಿಯಾಯಿತು ಎಂದು ನಾನು ಎಷ್ಟು ಜನಕ್ಕೆ ಹೇಳಿಕೊಂಡು ಓಡಾಡಿದೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಸಿಂಧು?"

"ಹೇಳಕ್ಕೆ ಹೋದ್ರೆ ಅರ್ಧ ಗಂಟೆ ಆಗುತ್ತೆ. ಮಧ್ಯೆ ಮಧ್ಯೆ ನೀನೇ ಮುಗಿಸ್ಬಿಡ್ತೀಯ. ಓದಕ್ಕೆ ಕೊಟ್ರೆ ಮಧ್ಯೆ ಬಾಯಿ ಹಾಕಕ್ಕಾಗಲ್ಲ."

ತಪ್ಪಾಯಿತು ಎಂದೆ. ಗೊತ್ತು ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅದಕ್ಕೂ ನಾಚಿಕೆಯಾಯಿತು.

"ಪುಸ್ತಕದಿಂದ ಅದನ್ನ ತೆಗೀತೀಯಾ?" ಎಂದು ಕೇಳಿದಳು.

ಈಗ ಹೇಳುವುದನ್ನು ಕೇಳಿ ನೀವು ನನ್ನ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ. ನಾನು ತಕ್ಷಣ ಹೂಂ ಎನ್ನಲಿಲ್ಲ. ಪುಸ್ತಕದ ಹೆಸರೇ ಅದು. ಹೊಸ ಮುದ್ರಣಕ್ಕೆ ತಯಾರಾಗುತ್ತಿತ್ತು. ಜನ ನನ್ನನ್ನು ನೆನಪಿಟ್ಟುಕೊಂಡಿರುವುದೇ ಅದೊಂದು ಬರಹದಿಂದ. ಇಷ್ಟೆಲ್ಲ ಕೇಳಿದ ಮೇಲೂ ನನ್ನ ತಲೆಯಲ್ಲಿ ಓಡಿದ್ದು ಇದು. ಸಿಂಧು ನನ್ನ ಮುಖ ನೋಡುತ್ತಿದ್ದಳು. ಮೆಟ್ಟಿಲಲ್ಲಿ ಮಂಜುವಿನ ಹೆಜ್ಜೆ ಕೇಳಿಸಿತು. ಅವಳು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, "ಟೀ ಕುಡಿದು ಇನ್ನೊಂದ್ ಟೇಕ್ ತಗೊಳ್ಳೋಣ" ಎಂದಳು.

ಮೂರನೆಯ ಸಲ ಓದಿದೆ. ಪ್ರೀತಿಯಿಂದ. ಕಷ್ಟವೇ ಆಗಲಿಲ್ಲ. ಅದೇ ಭಯಾನಕ. ಬಾಯಿ ತಾನಾಗಿ ಮೃದುವಾಯಿತು. ನಗು ಬರಬೇಕಾದಲ್ಲಿ ಕೊಂಚ ತಡೆದು, ಕರುಳು ಚುರುಕ್ಕೆನ್ನಬೇಕಾದಲ್ಲಿ ಧ್ವನಿ ತಗ್ಗಿಸಿ, ಇಷ್ಟು ವರ್ಷ ಪ್ರತಿ ವಾರ ನಿಮ್ಮೊಡನೆ ಮಾತಾಡುವ ಅದೇ ಧ್ವನಿಯಲ್ಲಿ ಓದಿದೆ. ಮುಗಿಸಿದಾಗ ಮಂಜು ನಗುತ್ತಿರಲಿಲ್ಲ.

"ಆಯ್ತು," ಎಂದಳು ಸಿಂಧು. "ಇದೇ."

ಈಗ ಜಾಗ ಬದಲಾಯಿಸಿದೆವು. ನಾನು ಗಾಜಿನಾಚೆ, ಅವಳು ಮೈಕಿನ ಮುಂದೆ. ಡಂಗುರದಪ್ಪನ ಮಾತು ಮುಗಿದ ಕೂಡಲೇ ಬರುವ ಮಗಳ ಹಾಡು ಅವಳು ಹಾಡಬೇಕಿತ್ತು. ಮಂಜು ಬಟನ್ ಒತ್ತಿದ. ನನ್ನದೇ ಧ್ವನಿ ಕೋಣೆಯೆಲ್ಲ ತುಂಬಿತು, ಬೆಲ್ಲದ ಹಾಗೆ. ಹಿಂದೆಯೇ ಡ್ರಮ್ಸ್. ಗಿಟಾರ್. ಸಿಂಧು ಕಣ್ಣು ಮುಚ್ಚಿ, ಕಾಲು ಅಗಲಿಸಿ ನಿಂತು, ಬಾಯಿ ತೆರೆದಳು.

ನಾನು ಆ ಸದ್ದನ್ನು ಬಾತ್‌ರೂಮಿನ ಬಾಗಿಲಾಚೆಯಿಂದ ಕೇಳಿದ್ದೆ. ಎರಡು ಸಲ ದೊಡ್ಡ ಹಾಲಿನ ಕೊನೇ ಸಾಲಿನಲ್ಲಿ ಕೂತು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೇಳಿದ್ದೆ. ಮಾರು ದೂರದಲ್ಲಿ, ಮುಖ ನೋಡುತ್ತಾ ಕೇಳಿದ್ದು ಅದೇ ಮೊದಲು. ಕುತ್ತಿಗೆಯ ನರ ಉಬ್ಬಿತ್ತು. ಗಂಟಲು ಹರಿದುಹೋಗುತ್ತದೆ ಎಂದು ಹೆದರಿ ನಾನು ಎದ್ದು ನಿಂತೆ. ಮಂಜು ನನ್ನ ತೋಳು ಹಿಡಿದ.

"ಏನಾಗಲ್ಲ ಅಂಕಲ್. ಅವಳು ಉಸಿರು ಹಿಡಿಯೋ ಕ್ರಮ ಸರಿಯಾಗಿದೆ. ನಿಲ್ಲಿಸ್ಬೇಡಿ."

ಒಂದು ಅಕ್ಷರವೂ ತಡೆಯಲಿಲ್ಲ. ಕ, ಖ, ಎಲ್ಲವೂ ಕಲ್ಲುಬಂಡೆ ಉರುಳಿದ ಹಾಗೆ ಬಂದವು. ಆ ಹಾಡಿನಲ್ಲಿ ಮಗಳು ಅಪ್ಪನನ್ನು ಬೈಯುವುದಿಲ್ಲ. ಅವಳು ಕೇಳುವುದು ಒಂದೇ. ನಿನಗೆ ಕೊಟ್ಟದ್ದು ಯಾಕೆ ಹಂಚಿದೆ? ಅದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ಎಷ್ಟು ಸಲ ಎಂದು ಎಣಿಸಲಿಲ್ಲ.

ಅವಳು ಹೆಡ್‌ಫೋನ್ ತೆಗೆದು ಹೊರಗೆ ಬಂದಾಗ ಹಣೆಯೆಲ್ಲ ಬೆವರು. ನೀರಿನ ಬಾಟಲಿ ಕೊಟ್ಟೆ.

"ತೆಗೀತೀನಿ," ಎಂದೆ.

ಅವಳು ನೀರು ಕುಡಿಯುತ್ತಲೇ ತಲೆಯಾಡಿಸಿದಳು.

ಸೋಮವಾರ ಪ್ರಕಾಶಕರಿಗೆ ಫೋನ್ ಮಾಡಿದೆ. "ಅದನ್ನ ತೆಗೆದ್ರೆ ಪುಸ್ತಕಕ್ಕೆ ಹೆಸರೇ ಇರಲ್ವಲ್ಲ ಸಾರ್" ಎಂದರು. ಬೇರೆ ಹೆಸರಿಡೋಣ ಎಂದೆ. ಏನಂತ ಎಂದರು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಇನ್ನೂ ಯೋಚಿಸುತ್ತಿದ್ದೇನೆ.

ಈ ನಡುವೆ ನನ್ನ ಹಳೆಯ ಅಂಕಣಗಳನ್ನೆಲ್ಲ ತೆಗೆದು ನೋಡಿದೆ. ಸುಮಿತ್ರಾಳ ಮೂಗಿನ ಆಪರೇಷನ್ ಇದೆ. ಅಕ್ಕನ ಗಂಡನ ಜಿಪುಣತನ ಇದೆ. ಅಮ್ಮನ ಕೊನೆಯ ದಿನಗಳ ಮರೆವು ಇದೆ, ಅವಳು ಬಟ್ಟೆ ಒದ್ದೆ ಮಾಡಿಕೊಂಡದ್ದೂ ಸೇರಿ. ಎಲ್ಲವನ್ನೂ ಪ್ರೀತಿಯಿಂದಲೇ ಬರೆದಿದ್ದೇನೆ. ಯಾರನ್ನೂ ಕೇಳಿಲ್ಲ. ನಾನೊಬ್ಬನೇ ಎಂದುಕೊಂಡಿರಾ? ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೊನ್ನೆ ಒಂದು ಮಗು ಇಂಜೆಕ್ಷನ್ನಿಗೆ ಹೆದರಿ ಅತ್ತ ವಿಡಿಯೋ ಬಂತು. ಹಾಕಿದವರು ಅದರ ತಾಯಿ. ಕೆಳಗೆ ನಲವತ್ತು ಜನ ನಗುವ ಮುಖ ಒತ್ತಿದ್ದರು. ನನ್ನ ಬೆರಳೂ ಹೋಗಿತ್ತು, ಹಿಂದಕ್ಕೆಳೆದುಕೊಂಡೆ. ಆ ಮಗು ಮುಂದೆ ಯಾವ ವಾದ್ಯ ಕಲಿಯುತ್ತದೋ ಯಾರಿಗೆ ಗೊತ್ತು?

ಹೋದ ಶುಕ್ರವಾರ ಆಲ್ಬಮ್ ಹೊರಬಂತು. ಸಂಜೆ ನಮ್ಮ ಹಾಲಿನಲ್ಲೇ ಸ್ಪೀಕರ್ ಇಟ್ಟು ಕೇಳಿದೆವು. ನಾನು, ಸುಮಿತ್ರಾ, ಸಿಂಧು, ಮಂಜು. ಮಲ್ಲೇಶ್ವರದಿಂದ ಬಂದಿದ್ದ ನನ್ನ ಅಕ್ಕನೂ ಇದ್ದಳು. ಅಕ್ಕನಿಗೆ ಎಪ್ಪತ್ತೆರಡು, ಮೊದಲ ಮೂರು ಹಾಡಿಗೆ ಅವಳು ತೋರಿದ ತಾಳ್ಮೆ ದೊಡ್ಡದು. ನಾಲ್ಕನೆಯದು ಬಂತು.

"ಇದು ನೀನಲ್ವೇನೋ?" ಎಂದಳು ಅಕ್ಕ, ಮುಖ ಅರಳಿಸಿ. "ಎಷ್ಟು ಮುದ್ದಾಗಿ ಮಾತಾಡಿದೀಯ."

ಮುಂದಿನ ಹಾಡು ಶುರುವಾಯಿತು. ಅಕ್ಕ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ ಕೊನೆಯವರೆಗೂ ಅದನ್ನು ಎತ್ತಿಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಸಿಂಧುವಿನ ಕಡೆ ತಿರುಗಿ ಕೇಳಿದಳು.

"ಆ ಅಪ್ಪನಿಗೆ ಕೊನೆಗೆ ಬುದ್ಧಿ ಬಂತೇನೇ?"

ಸಿಂಧು ನನ್ನನ್ನು ನೋಡಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದಳು. "ನೋಡ್ಬೇಕು."

ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿದೆ. ಎರಡು ದಿನ ಉತ್ತರ ಬರಲಿಲ್ಲ. ಆ ಎರಡು ದಿನ ನಾನು ಹೇಗೆ ಕಳೆದೆ ಎಂಬುದನ್ನು ಬರೆಯುವುದಿಲ್ಲ. ಮೂರನೆಯ ದಿನ, ಬರಿ, ಆದರೆ ಕಳಿಸೋಕೆ ಮುಂಚೆ ತೋರಿಸು ಎಂದಳು. ಬರೆದು ಅವಳ ಫೋನಿಗೆ ಕಳಿಸಿದೆ. ಸಂಪಾದಕರು ಎರಡು ಸಲ ಫೋನ್ ಮಾಡಿದರು. ಮಗಳು ಓದುತ್ತಿದ್ದಾಳೆ, ತಡೀರಿ ಎಂದೆ. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು. ಒಂದು ಪ್ಯಾರಾ ಬೇಡ, ಉಳಿದದ್ದು ಹಾಕು.

ತೆಗೆದಿದ್ದೇನೆ. ಇಡೀ ಬರಹದಲ್ಲಿ ನನಗೆ ಬಹಳ ಇಷ್ಟವಾಗಿದ್ದ ಪ್ಯಾರಾ ಅದು.

ಅದರಲ್ಲಿ ಏನಿತ್ತು ಎಂದು ಈಗ ನಿಮಗೆ ಕೇಳಬೇಕು ಅನ್ನಿಸುತ್ತಿದೆ, ಅಲ್ಲವೇ?